ಫ್ಲ್ಯಾಟಿನಲ್ಲೇ ಪಲ್ಯ (ಸೊಪ್ಪು) ಬೆಳೆಯುವುದು: ಕಲಬುರಗಿ ಬಿಸಿಲಿಗೆ ಒಗ್ಗುವ ಪುಟ್ಟ ಹಸಿರುಮನೆ

ಮನೆಯೊಳಗಿನ ಹಸಿರುಮನೆ ಬಗ್ಗೆ ಸಿಗುವ ವಿಡಿಯೋಗಳಲ್ಲಿ ಬಹಳಷ್ಟು ಚಳಿ ದೇಶದವು. ಅಲ್ಲಿ ಹೊರಗೆ ಹಿಮ ಬೀಳುತ್ತಿರುತ್ತದೆ, ಹಾಗಾಗಿ ಗಿಡಕ್ಕೆ ಪ್ಲಾಸ್ಟಿಕ್ ಹೊದಿಸಿ ಒಳಗೆ ಬಿಸಿ ಹಿಡಿದಿಡುತ್ತಾರೆ. ಅದನ್ನೇ ನೋಡಿ ಇಲ್ಲಿ ಪಶ್ಚಿಮದ ಕಿಟಕಿ ಹತ್ತಿರ ಪ್ಲಾಸ್ಟಿಕ್ ಹೊದಿಕೆಯ ಗಿಡದ ರ್ಯಾಕ್ ಇಟ್ಟು ಜಿಪ್ ಎಳೆದರೆ, ಏಪ್ರಿಲ್ ಮಧ್ಯಾಹ್ನಕ್ಕೆ ಗಿಡ ಬೆಂದೇ ಹೋಗುತ್ತದೆ. ನಮಗೆ ಬಿಸಿಗೆ ಬರ ಇಲ್ಲ, ತೇವಕ್ಕೆ ಬರ. ಬೇಸಿಗೆಯಲ್ಲಿ ಕಲಬುರಗಿಯಲ್ಲಿ 42-43 ಡಿಗ್ರಿ ಮಾಮೂಲು. ಮಧ್ಯಾಹ್ನದ ಗಾಳಿಯಲ್ಲಿ ತೇವಾಂಶ ಶೇ 30ಕ್ಕಿಂತ ಕೆಳಗಿಳಿಯುತ್ತದೆ, ಜೊತೆಗೆ ಧೂಳು, ಝಳ. ಬಾಲ್ಕನಿಯಲ್ಲಿ ಬಿತ್ತಿದ ಮೆಂತೆ ಎರಡೆಲೆ ಬಿಡುವಷ್ಟರಲ್ಲಿ ಅಂಚು ಕಂದಿ ಮುದುರುವುದು ಇದರಿಂದಲೇ.

ಹಾಗಾಗಿ ನಮ್ಮ ಕಡೆ ಹಸಿರುಮನೆ ಮಾಡಬೇಕಾದ ಕೆಲಸ ಎರಡು: ಬಿಸಿಗಾಳಿ ತಡೆಯಬೇಕು, ತೇವ ಉಳಿಸಬೇಕು. ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಜಾಗ, ಲೈಟು, ನೀರು, ಬಿತ್ತುವ ತಿಂಗಳು ಎಲ್ಲವೂ ತಾನಾಗಿ ತಿಳಿಯುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಂದು ರ್ಯಾಕಿನಿಂದ ಸಂತೆಗೆ ಹೋಗುವುದು ತಪ್ಪುವುದಿಲ್ಲ. ನಾಲ್ಕು ಜನರ ಮನೆಗೆ ವಾರಕ್ಕೊಮ್ಮೆ ರೊಟ್ಟಿ ಜೊತೆಗೆ ಪಲ್ಯ ಆಗುತ್ತದೆ, ದಿನಾ ಬೇಳೆಗೆ ಹಾಕುವಷ್ಟು ಕೊತ್ತಂಬರಿ ಸಿಗುತ್ತದೆ. ಕಿತ್ತು ಹತ್ತು ನಿಮಿಷದಲ್ಲಿ ಒಗ್ಗರಣೆಗೆ ಬಿದ್ದ ಮೆಂತೆಯ ಘಮ ಮಾತ್ರ ಮಾರ್ಕೆಟಿನ ಕಟ್ಟಿನಲ್ಲಿ ಸಿಗುವುದಿಲ್ಲ, ಅಷ್ಟಕ್ಕಾದರೂ ಇದನ್ನು ಮಾಡಬೇಕು.

ಮೊದಲು ಕಿಟಕಿ ನೋಡಿ

ರ್ಯಾಕ್ ಕೊಳ್ಳುವ ಮೊದಲು ಮನೆಯ ಕಿಟಕಿಗಳು ಯಾವ ದಿಕ್ಕಿಗಿವೆ ಅಂತ ನೋಡಿ. ಕಲಬುರಗಿ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರಿನಲ್ಲಿ ನಡುಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿ 50 ಡಿಗ್ರಿಯಷ್ಟು ಎತ್ತರದಲ್ಲೇ ಇರುತ್ತಾನೆ, ಆದ್ದರಿಂದ ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯೊಳಗೆ ಬಂದು ಬೀಳುತ್ತದೆ. ಮೇ ಎರಡನೇ ವಾರಕ್ಕೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಆಮೇಲೆ ಆಗಸ್ಟ್ ಮೊದಲ ವಾರದವರೆಗೂ ಮಧ್ಯಾಹ್ನದ ಸೂರ್ಯ ತುಸು ಉತ್ತರಕ್ಕೇ ಇರುತ್ತಾನೆ. ಆಗ ದಕ್ಷಿಣದ ಕಿಟಕಿಗೆ ನೇರ ಬಿಸಿಲೇ ಇಲ್ಲ. ಅಂದರೆ ಚಳಿಗಾಲದಲ್ಲಿ ಬಿಸಿಲು ಕೊಡುವ ಕಿಟಕಿ ಬೇಸಿಗೆ ಏರಿದಂತೆ ನೆರಳು ಕೊಡುತ್ತದೆ. ಪಲ್ಯಕ್ಕೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ದಕ್ಷಿಣದ ಕಿಟಕಿ ಇಲ್ಲದಿದ್ದರೆ ಪೂರ್ವದ್ದು ಆಗುತ್ತದೆ. ಬೆಳಗಿನ ಬಿಸಿಲು ಸೌಮ್ಯ. ಉತ್ತರದ ಕಿಟಕಿಯಾದರೆ ಪೂರ್ತಿ ಲೈಟಿನ ಮೇಲೆ ನಿಲ್ಲಬೇಕು, ಅದೂ ಆಗುತ್ತದೆ. ಪಶ್ಚಿಮದ್ದು ಬೇಡ. ಬೇರೆ ದಾರಿಯೇ ಇಲ್ಲ ಅಂದರೆ ಫೆಬ್ರುವರಿಯಿಂದ ಜೂನ್‌ವರೆಗೆ ಗಾಜಿಗೆ ದಪ್ಪ ಪರದೆ ಹಾಕಿ, ಒಳಗೆ ಲೈಟಿನಲ್ಲೇ ಬೆಳೆಸಿ.

ಕಿಟಕಿಯಿಂದ ಎಷ್ಟು ದೂರ ಅನ್ನುವುದೂ ಮುಖ್ಯ. ನಮ್ಮ ಕಣ್ಣಿಗೆ ಕೋಣೆಯೆಲ್ಲ ಬೆಳಕಾಗಿಯೇ ಕಾಣುತ್ತದೆ, ಆದರೆ ಕಿಟಕಿಯಿಂದ ನಾಲ್ಕು ಅಡಿ ಸರಿದರೆ ಗಿಡಕ್ಕೆ ಸಿಗುವ ಬೆಳಕು ಅರ್ಧಕ್ಕಿಂತ ಎಷ್ಟೋ ಕಡಿಮೆ. ಸಸಿ ಉದ್ದಕ್ಕೆ ತೆಳ್ಳಗೆ ಎದ್ದು ಒಂದೇ ಕಡೆ ಬಾಗಿದರೆ ಅದಕ್ಕೆ ಬೆಳಕು ಸಾಲುತ್ತಿಲ್ಲ ಅಂತಲೇ ಅರ್ಥ. ಅದನ್ನು ಗೊಬ್ಬರ ಹಾಕಿ ಸರಿಮಾಡಲು ಆಗುವುದಿಲ್ಲ.

ರ್ಯಾಕ್ ಮತ್ತು ಹೊದಿಕೆ

ಆನ್‌ಲೈನಿನಲ್ಲಿ ಪಾರದರ್ಶಕ ಹೊದಿಕೆ, ಮುಂದೆ ಜಿಪ್ ಇರುವ ನಾಲ್ಕು ಅಂತಸ್ತಿನ ಸಿದ್ಧ ರ್ಯಾಕ್ ಸಿಗುತ್ತದೆ. ಅಗ್ಗ, ಹಗುರ. ತೊಂದರೆ ಅಂದರೆ ಅದರ ಪೈಪು ತೆಳು. 40 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 10 ಸೆಂ.ಮೀ. ಆಳದ ಒಂದು ಟ್ರೇಯಲ್ಲಿ ಗಿಡ ಬೆಳೆಸುವ 12 ಲೀಟರ್ ಮಿಶ್ರಣ ಹಿಡಿಯುತ್ತದೆ, ನೀರು ಕುಡಿದ ಮೇಲೆ ಅದು 8-9 ಕೆಜಿ ತೂಗುತ್ತದೆ. ಅಂಥ ಎರಡು ಟ್ರೇ ಒಂದು ಅಂತಸ್ತಿಗೆ ಇಟ್ಟರೆ ತೆಳು ಪೈಪು ಬಾಗುತ್ತದೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರಂತೂ ಹಿಡಿದು ಎಳೆದರೆ ಮುಗಿಯಿತು. ನನ್ನ ಸಲಹೆ ಏನೆಂದರೆ ಅಂಗಡಿಗಳಲ್ಲಿ ಸಾಮಾನು ಇಡುವ ತೂತಿನ ಆ್ಯಂಗಲ್ ರ್ಯಾಕ್ ತೆಗೆದುಕೊಳ್ಳಿ. ಊರಲ್ಲೇ ಅಳತೆ ಹೇಳಿ ಮಾಡಿಸಬಹುದು. ಎರಡು ಅಡಿ ಅಗಲ, ಒಂದೂವರೆ ಅಡಿ ಆಳ, ಐದು ಅಡಿ ಎತ್ತರ, ಮೂರು ಅಂತಸ್ತು ಸಾಕು. ಮೇಲ್ತುದಿಯನ್ನು ಗೋಡೆಗೆ ಒಂದು ಮೊಳೆ ಹೊಡೆದು ಕಟ್ಟಿಬಿಡಿ.

ಹೊದಿಕೆಗೆ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಮೂರು ಕಡೆ ಬಿಗಿಯಾಗಿ ಕಟ್ಟಿ, ಮುಂದೆ ಪರದೆಯಂತೆ ಎತ್ತುವ ಹಾಗೆ ಬಿಡಿ. ಮೇಲುಗಡೆ ಮಾತ್ರ ಒಂದು ಅಂಗೈ ಅಗಲ ಯಾವಾಗಲೂ ತೆರೆದಿರಲಿ, ಬಿಸಿಗಾಳಿ ಮೇಲಿನಿಂದಲೇ ಹೊರಗೆ ಹೋಗುವುದು. ಒಳಗೆ ಒಂದು ಪುಟ್ಟ ಯುಎಸ್‌ಬಿ ಫ್ಯಾನ್ ಇಡಿ. ಗಿಡಕ್ಕೆ ನೇರ ಬಡಿಯಬಾರದು, ಎಲೆ ಅಲ್ಲಾಡಿದರೆ ಸಾಕು. ಗಾಳಿ ಆಡದ ಕಡೆ ಬೂಷ್ಟು ಬರುತ್ತದೆ, ಸಸಿಯ ಕಾಂಡವೂ ಗಟ್ಟಿಯಾಗುವುದಿಲ್ಲ.

ಕೆಳಗೆ ಶಹಾಬಾದ್ ಫರಸಿ (ಕಲ್ಲಿನ ನೆಲ) ಇದ್ದರೆ ಹೆಚ್ಚು ಚಿಂತೆ ಇಲ್ಲ, ಆದರೆ ಸಂದಿನಲ್ಲಿ ನೀರು ಇಳಿದು ಕೆಳಗಿನ ಮನೆಯವರ ಛಾವಣಿಗೆ ಕಲೆ ಬೀಳಬಾರದು ಅಲ್ವಾ. ಪ್ರತಿ ಟ್ರೇ ಕೆಳಗೆ ನೀರು ಹಿಡಿಯುವ ಇನ್ನೊಂದು ತೂತಿಲ್ಲದ ಟ್ರೇ ಇರಲೇಬೇಕು.

ಇನ್ನೊಂದು ವಸ್ತುವಿಗೆ ದುಡ್ಡು ಉಳಿಸಬೇಡಿ: ಉಷ್ಣಾಂಶ, ತೇವಾಂಶ ಎರಡೂ ತೋರಿಸುವ ಪುಟ್ಟ ಡಿಜಿಟಲ್ ಮೀಟರ್. ನಡು ಅಂತಸ್ತಿನಲ್ಲಿ, ಬಿಸಿಲು ನೇರ ಬೀಳದ ಕಡೆ ಕಟ್ಟಿ.

ಲೈಟು

ಗಿಡಕ್ಕೆಂದೇ ಮಾರುವ ನೇರಳೆ ಬಣ್ಣದ ದುಬಾರಿ ಗ್ರೋ ಲೈಟೇ ಬೇಕು ಅಂತೇನಿಲ್ಲ. ಮನೆಗೆ ಹಾಕುವ ಬಿಳಿ ಎಲ್‌ಇಡಿ ಬ್ಯಾಟನ್ ಸಾಕು, 6500 ಕೆಲ್ವಿನ್ (ಹಗಲಿನಂಥ ಬಿಳಿ ಬೆಳಕು) ಅಂತ ಬರೆದಿರುವುದು. ಎರಡು ಅಡಿಯ 10 ವ್ಯಾಟಿನ ಮೂರು ಪಟ್ಟಿಗಳನ್ನು ಪ್ರತಿ ಅಂತಸ್ತಿನ ಮೇಲ್ಭಾಗಕ್ಕೆ ಸಾಲಾಗಿ ಕಟ್ಟಿ. ಎಲೆಯ ತುದಿಯಿಂದ ಲೈಟಿಗೆ 15ರಿಂದ 20 ಸೆಂ.ಮೀ. ಇರಬೇಕು, ಅಂದರೆ ಒಂದು ಗೇಣಿಗಿಂತ ಜಾಸ್ತಿ ಬೇಡ. ಟ್ಯೂಬ್‌ಲೈಟಿನ ಹಾಗೆ ಎತ್ತರದಲ್ಲಿ ಕಟ್ಟಿದರೆ ಬೆಳಕೆಲ್ಲ ದಂಡ.

ಬಿಸಿಲು ಬೀಳದ ಅಂತಸ್ತಿಗೆ ದಿನಕ್ಕೆ 14 ಗಂಟೆ ಲೈಟು ಬೇಕು. ಕಿಟಕಿಯ ಬಿಸಿಲು ತಾಗುವ ಅಂತಸ್ತಿಗೆ ಐದಾರು ಗಂಟೆ ಸಾಕಾಗಬಹುದು. ಪ್ಲಗ್‌ಗೆ ಹಾಕುವ ಟೈಮರ್ ತಂದರೆ ನೆನಪಿಟ್ಟುಕೊಳ್ಳುವ ಗೋಜಿಲ್ಲ. ಬೇಸಿಗೆಯಲ್ಲಿ ಟೈಮರನ್ನು ರಾತ್ರಿ ಕಡೆಗೆ ತಿರುಗಿಸಿ: ಸಂಜೆ ಆರಕ್ಕೆ ಹತ್ತಿ ಬೆಳಗ್ಗೆ ಎಂಟಕ್ಕೆ ಆರಲಿ. ಗಿಡಕ್ಕೆ ಹಗಲು-ರಾತ್ರಿ ಅದಲುಬದಲಾದರೂ ನಡೆಯುತ್ತದೆ, ಮಧ್ಯಾಹ್ನದ ಉರಿ ಹೊತ್ತಿನಲ್ಲಿ ಲೈಟಿನ ಬಿಸಿಯೂ ಸೇರುವುದು ತಪ್ಪುತ್ತದೆ.

ಕರೆಂಟಿನ ಲೆಕ್ಕ ಸರಳ. 30 ವ್ಯಾಟ್, 14 ಗಂಟೆ, ದಿನಕ್ಕೆ 0.42 ಯೂನಿಟ್. ಒಂದು ಅಂತಸ್ತಿಗೆ ತಿಂಗಳಿಗೆ ಹನ್ನೆರಡೂವರೆ ಯೂನಿಟ್ ಆಯಿತು, ಎರಡಕ್ಕೆ 25. ಗೃಹಜ್ಯೋತಿಯಲ್ಲಿ ಇರುವವರು ಜೆಸ್ಕಾಂ ಬಿಲ್ಲಿನಲ್ಲಿ ತಮ್ಮ ಮಿತಿ ಎಷ್ಟಿದೆ ನೋಡಿಕೊಂಡು ಅಂತಸ್ತು ಎಷ್ಟು ಅಂತ ನಿರ್ಧರಿಸಿ.

ಒಳಗೆ ತೇವ ಇರುತ್ತದೆ, ಆದ್ದರಿಂದ ವೈರಿಂಗ್ ಬಗ್ಗೆ ಉದಾಸೀನ ಬೇಡ. ಎಕ್ಸ್‌ಟೆನ್ಷನ್ ಬೋರ್ಡ್ ರ್ಯಾಕಿನ ಹೊರಗೆ, ಟ್ರೇಗಳಿಗಿಂತ ಎತ್ತರದಲ್ಲಿ ಇರಲಿ. ವೈರು ಒಮ್ಮೆ ಕೆಳಗೆ ಜೋತುಬಿದ್ದು ಆಮೇಲೆ ಮೇಲಕ್ಕೆ ಹೋಗಲಿ, ಆಗ ವೈರಿನ ಮೇಲೆ ಹರಿದ ಹನಿ ಬೋರ್ಡಿಗೆ ಹೋಗದೆ ಕೆಳಗೇ ತೊಟ್ಟಿಕ್ಕುತ್ತದೆ. ನೀರು ಹಾಕುವಾಗ ಸ್ವಿಚ್ ಆಫ್.

ಮಣ್ಣು ಬೇಡ, ಮಿಶ್ರಣ ಬೇಕು

ಹೊಲದಿಂದ ಎರೆ (ಕಪ್ಪು) ಮಣ್ಣು ತಂದು ತುಂಬಬೇಡಿ. ತೊಗರಿಗೆ, ಜೋಳಕ್ಕೆ ಅದು ಬಂಗಾರ. ಹತ್ತು ಸೆಂ.ಮೀ. ಆಳದ ಟ್ರೇಯಲ್ಲಿ ಮಾತ್ರ ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಬೀದರ್ ಕಡೆಯ ಕೆಂಪು ಮಣ್ಣು ಸ್ವಲ್ಪ ವಾಸಿ, ಆದರೂ ಭಾರ.

ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಹುಳು ಗೊಬ್ಬರ, ಅರ್ಧ ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಅಥವಾ ತೊಳೆದ ದಪ್ಪ ಮರಳು, ಟ್ರೇಗೆ ಒಂದು ಮುಷ್ಟಿ ಬೇವಿನ ಹಿಂಡಿ. ಇಷ್ಟೇ. ಐದು ಕೆಜಿಯ ಕೋಕೋಪೀಟ್ ಇಟ್ಟಿಗೆ ನೆನೆದರೆ 60 ಲೀಟರಿಗಿಂತ ಜಾಸ್ತಿ ಉಬ್ಬುತ್ತದೆ, ಆರು ಟ್ರೇಗೆ ಅದೊಂದು ಸಾಕಾಗುತ್ತದೆ. ಕೋಕೋಪೀಟಿನಲ್ಲಿ ಉಪ್ಪಿನಂಶ ಇರುತ್ತದೆ, ಬಕೆಟ್ಟಿನಲ್ಲಿ ನೆನೆಸಿ ಹಿಂಡಿ, ನೀರು ಚೆಲ್ಲಿ, ಎರಡು-ಮೂರು ಸಲ ಹೀಗೇ ತೊಳೆಯಿರಿ. ಮೊದಲ ನೀರು ಚಹಾದ ಹಾಗೆ ಕಂದಾಗಿರುತ್ತದೆ, ಕೊನೆಯದು ತಿಳಿಯಾದರೆ ಸಾಕು. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಹಿಂಡಿದಾಗ ಎರಡು-ಮೂರು ಹನಿ ಬೀಳಬೇಕು. ಧಾರೆ ಹರಿದರೆ ನೀರು ಜಾಸ್ತಿ, ಉಂಡೆ ಕಟ್ಟದೆ ಉದುರಿದರೆ ಕಡಿಮೆ.

ನೀರು, ಮತ್ತು ಯಾವ ನೀರು

ನಮ್ಮ ಕಡೆ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಕುಂಡದ ಅಂಚಿಗೆ ಕಟ್ಟುವ ಬಿಳಿ ಪದರ ಗಮನಿಸಿದ್ದೀರಾ? ಅದು ಉಪ್ಪು. ಹೊಲದಲ್ಲಿ ಮಳೆ ಬಂದು ಅದನ್ನು ಕೆಳಗೆ ತೊಳೆಯುತ್ತದೆ, ಮನೆಯೊಳಗಿನ ಟ್ರೇಗೆ ಮಳೆ ಬೀಳುವುದಿಲ್ಲ. ದಿನೇ ದಿನೇ ಸೇರುತ್ತಾ ಹೋಗಿ ಎಲೆಯ ತುದಿ ಸುಡುತ್ತದೆ. ಸಾಧ್ಯವಾದರೆ ನಲ್ಲಿಯ ನದಿ ನೀರು, ಮಳೆ ನೀರು, ಎಸಿಯಿಂದ ತೊಟ್ಟಿಕ್ಕುವ ನೀರು ಬಳಸಿ. ಎಸಿ ನೀರು ಗಾಳಿಯ ತೇವದಿಂದ ಆದದ್ದು, ಅದರಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಕೂಲರ್ ತೊಟ್ಟಿಯಲ್ಲಿ ಉಳಿದ ನೀರು ಮತ್ತು ಆರ್‌ಓ ಫಿಲ್ಟರಿನಿಂದ ಹೊರಗೆ ಬರುವ ನೀರು ಬೇಡವೇ ಬೇಡ, ಅವೆರಡರಲ್ಲೂ ಉಪ್ಪು ಇನ್ನೂ ಹೆಚ್ಚಾಗಿರುತ್ತದೆ. ಬೋರ್ ನೀರೇ ಗತಿ ಅಂದರೆ ತಿಂಗಳಿಗೊಮ್ಮೆ ಟ್ರೇಯನ್ನು ಬಾತ್‌ರೂಮಿಗೆ ಒಯ್ದು ಉಪ್ಪು ಕಡಿಮೆ ಇರುವ ನೀರನ್ನು ಚೆನ್ನಾಗಿ ಹಾಯಿಸಿ, ಪೂರ್ತಿ ಸೋರಿದ ಮೇಲೆ ವಾಪಸ್ ಇಡಿ.

ಎಷ್ಟು ಹಾಕಬೇಕು ಅನ್ನುವುದಕ್ಕೆ ಗಡಿಯಾರ ನೋಡಬೇಡಿ, ಬೆರಳು ಇಳಿಸಿ ನೋಡಿ. ಮೊದಲ ಗೆಣ್ಣಿನವರೆಗೆ ಒಣಗಿದ್ದರೆ ಹಾಕಿ, ತೇವ ಇದ್ದರೆ ಬಿಡಿ. ಹೊದಿಕೆಯೊಳಗೆ ನೀರು ನಿಧಾನ ಆರುತ್ತದೆ, ಬಾಲ್ಕನಿಯ ಕುಂಡಕ್ಕೆ ಹಾಕಿದಷ್ಟು ಇಲ್ಲಿ ಹಾಕಿದರೆ ಬೇರು ಕೊಳೆಯುತ್ತದೆ. ಕೆಳಗಿನ ಟ್ರೇಗೆ ನೀರು ಹಾಕಿ ಅರ್ಧ ಗಂಟೆ ಕುಡಿಯಲು ಬಿಟ್ಟು, ಉಳಿದದ್ದನ್ನು ಚೆಲ್ಲುವುದು ಇನ್ನೂ ಒಳ್ಳೆಯದು. ಅಲ್ಲಿ ನೀರು ನಿಂತರೆ ಸೊಳ್ಳೆ ಮೊಟ್ಟೆ ಇಡುತ್ತದೆ, ಡೆಂಗಿ ಹರಡುವ ಸೊಳ್ಳೆಗೆ ಇಂಥ ನಿಂತ ತಿಳಿನೀರೇ ಬೇಕು. ವಾರಕ್ಕೊಮ್ಮೆ ಒರೆಸಿ ಒಣಗಿಸಿ.

ಏನು ಬಿತ್ತಬೇಕು, ಯಾವಾಗ

ಮೆಂತೆಯಿಂದ ಶುರು ಮಾಡಿ. ಅಡುಗೆಮನೆ ಡಬ್ಬಿಯ ಮೆಂತೆಯೇ ನಡೆಯುತ್ತದೆ. ರಾತ್ರಿ ನೆನೆಸಿ, ಬೆಳಗ್ಗೆ ಟ್ರೇ ತುಂಬ ಒತ್ತಾಗಿ ಚೆಲ್ಲಿ, ಮೇಲೆ ಅರ್ಧ ಸೆಂ.ಮೀ. ಮಿಶ್ರಣ ಉದುರಿಸಿ. ಎರಡು-ಮೂರು ದಿನಕ್ಕೆ ಮೊಳಕೆ, 20-25 ದಿನಕ್ಕೆ ಪಲ್ಯ. ಪಲ್ಯದ ಸೊಪ್ಪುಗಳಲ್ಲಿ ಇಷ್ಟು ಬೇಗ ಫಲ ಕೊಡುವುದು ಕಡಿಮೆ.

ಕೊತ್ತಂಬರಿಗೆ ತಾಳ್ಮೆ ಬೇಕು. ಧನಿಯಾ ಕಾಳನ್ನು ಹಲಗೆ ಮೇಲೆ ಹರವಿ ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಉರುಳಿಸಿ. ಟಿಕ್ ಅಂತ ಎರಡು ಹೋಳಾಗುತ್ತದೆ. ಪುಡಿಯಾಗಬಾರದು, ಪ್ರತಿ ಹೋಳಿನಲ್ಲೂ ಒಂದೊಂದು ಬೀಜ ಇರುತ್ತದೆ. 12 ಗಂಟೆ ನೆನೆಸಿ ಬಿತ್ತಿ. ಮೊಳೆಯಲು ಎಂಟು-ಹತ್ತು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ. ಮೊಳಕೆ ಬರುವಾಗ ಮೇಲಿನ ಮಿಶ್ರಣ ಮೊದಲು ಸಣ್ಣಗೆ ಬಿರಿಯುತ್ತದೆ, ಆಮೇಲೆ ಬಾಗಿದ ಬಿಳಿ ಕತ್ತು ಕಾಣುತ್ತದೆ, ಸಿಪ್ಪೆಯ ಟೊಪ್ಪಿಗೆ ತಲೆ ಮೇಲೇ ಅಂಟಿರುತ್ತದೆ. ಕೈಯಿಂದ ಕೀಳಬೇಡಿ, ನೀರು ಚಿಮುಕಿಸಿದರೆ ತಾನೇ ಬೀಳುತ್ತದೆ. 30 ಡಿಗ್ರಿ ದಾಟಿದರೆ ಕೊತ್ತಂಬರಿ ಸರಿಯಾಗಿ ಮೊಳೆಯುವುದಿಲ್ಲ, ಮೊಳೆತರೂ ಬೇಗ ಹೂವಿಗೆ ಹೋಗುತ್ತದೆ. ಹಾಗಾಗಿ ಅಕ್ಟೋಬರಿನಿಂದ ಫೆಬ್ರುವರಿ ಅದರ ಕಾಲ.

ಪಾಲಕ್ ಮತ್ತು ರಾಜಗಿರಿಯನ್ನು ಬುಡದಿಂದ ಎರಡು ಬೆರಳು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತವೆ. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಪಾಲಕ್‌ಗೆ ಅರ್ಕ ಅನುಪಮ, ರಾಜಗಿರಿಗೆ ಅರ್ಕ ಸುಗುಣ, ಕೊತ್ತಂಬರಿಗೆ ಅರ್ಕ ಇಶಾ ಇವೆ. ಹಲವು ಸಲ ಕೊಯ್ಯುವುದಕ್ಕೇ ಬಂದ ತಳಿಗಳು ಇವು, ಚಿಕ್ಕ ಜಾಗಕ್ಕೆ ಹೇಳಿ ಮಾಡಿಸಿದಂತಿವೆ.

ಪುಂಡಿ ಪಲ್ಯ ನಮ್ಮ ಬಿಸಿಲಿನ ಬೆಳೆ. ಕಿಟಕಿಗೆ ಅಂಟಿದ ಅಂತಸ್ತಿನಲ್ಲಿ, ಒಂದು ಗೇಣು ಆಳದ ಕುಂಡದಲ್ಲಿ ಹಾಕಿ, ತುದಿ ಚಿವುಟುತ್ತಾ ಇದ್ದರೆ ಕುಳ್ಳಗೆ ಪೊದೆಯಾಗುತ್ತದೆ. ಮೆಣಸಿನ ಗಿಡ ಒಂದು ಇಡಬಹುದು. ಹೂವು ಬಿಟ್ಟಾಗ ದಿನಾ ಬೆಳಗ್ಗೆ ಕೊಂಬೆಯನ್ನು ಬೆರಳಿಂದ ತಟ್ಟಿ, ಪರಾಗ ಉದುರಿ ಕಾಯಿ ಕಟ್ಟುತ್ತದೆ. ಟೊಮೆಟೊ, ಬದನೆ, ಸೌತೆಗೆ ಇಷ್ಟು ಬೆಳಕು ಸಾಲುವುದಿಲ್ಲ. ಆಸೆ ಇದ್ದವರು ಅವನ್ನು ಮಾಳಿಗೆ ಮೇಲೆ ಬೆಳೆಸಿ, ಸಸಿ ಮಾಡಿಕೊಳ್ಳಲು ಮಾತ್ರ ಈ ರ್ಯಾಕ್ ಬಳಸಿ.

ಎಲ್ಲ ಟ್ರೇಯನ್ನೂ ಒಂದೇ ದಿನ ಬಿತ್ತಬೇಡಿ. ವಾರಕ್ಕೊಂದು ಟ್ರೇ ಬಿತ್ತುತ್ತಾ ಹೋದರೆ ನಾಲ್ಕನೇ ವಾರದಿಂದ ವಾರಕ್ಕೊಂದು ಟ್ರೇ ಕೊಯ್ಲಿಗೆ ಬರುತ್ತದೆ. ಎಳ್ಳ ಅಮಾವಾಸ್ಯೆಯ ಭಜ್ಜಿಗೆ (ಸೊಪ್ಪು, ಕಾಳು ಬೆರೆಸಿದ ಪಲ್ಯ) ಮನೆಯದೇ ಸೊಪ್ಪು ಬೀಳಬೇಕು ಅಂದರೆ, ಒಂದು ತಿಂಗಳು ಮುಂಚೆ ಮೆಂತೆ, ಪಾಲಕ್ ಎರಡೆರಡು ಟ್ರೇ ಹಾಕಿಬಿಡಿ. ಬಿತ್ತಿ ಮೂರು ವಾರ ಆದ ಮೇಲೂ ನಿಲ್ಲುವ ಬೆಳೆಗೆ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವುದು) ಲೀಟರಿಗೆ ಒಂದು ಗ್ರಾಂ ಕರಗಿಸಿ ವಾರಕ್ಕೊಮ್ಮೆ ಕೊಡಿ. ರಾಸಾಯನಿಕ ಬೇಡ ಅನ್ನುವವರು ಪ್ರತಿ ಕೊಯ್ಲಿನ ಮೇಲೆ ಒಂದು ಮುಷ್ಟಿ ಎರೆಹುಳು ಗೊಬ್ಬರ ಹರವಿ.

ದಿನದ ಕೆಲಸ: ಹೊದಿಕೆ ಎತ್ತುವುದು, ಇಳಿಸುವುದು

ಹಸಿರುಮನೆ ನಡೆಯುವುದು ಅಥವಾ ಕೆಡುವುದು ಇಲ್ಲೇ. ಬೆಳಗ್ಗೆ ಎದ್ದು ಪ್ಲಾಸ್ಟಿಕ್ಕಿನ ಒಳಮೈ ನೋಡಿ. ತೆಳುವಾಗಿ ಮಂಜು ಕಟ್ಟಿ ಒಂದು ತಾಸಿನಲ್ಲಿ ಮಾಯವಾದರೆ ತೇವ ಸರಿಯಾಗಿದೆ. ದೊಡ್ಡ ಹನಿ ಕೂಡಿ ಸಾಲಾಗಿ ಇಳಿಯುತ್ತಿದ್ದರೆ, ಎಲೆ ಮೇಲೂ ತೊಟ್ಟಿಕ್ಕುತ್ತಿದ್ದರೆ ಜಾಸ್ತಿ ಆಯಿತು, ಆ ದಿನ ಪೂರ್ತಿ ತೆರೆದಿಡಿ, ನೀರು ಹಾಕಬೇಡಿ. ಮೀಟರ್ ಶೇ 50ರಿಂದ 70 ತೋರಿಸುತ್ತಿದ್ದರೆ ನೆಮ್ಮದಿ. 32 ಡಿಗ್ರಿ ದಾಟಿದರೆ ಮುಂದಿನ ಪರದೆ ಎತ್ತಿಬಿಡಿ, ತೇವಾಂಶ ಎಷ್ಟೇ ಇರಲಿ. ಬಿಸಿ ಮತ್ತು ತೇವ ಎರಡೂ ಒಟ್ಟಿಗೆ ನಿಂತರೆ ಸಸಿ ಬುಡದಲ್ಲಿ ಕಪ್ಪಾಗಿ, ನೀರಾಗಿ, ಬೆಳಗಾಗುವಷ್ಟರಲ್ಲಿ ಮಲಗಿಬಿಡುತ್ತದೆ. ಆ ಟ್ರೇಯ ಮಿಶ್ರಣ ಮತ್ತೆ ಬಳಸಬೇಡಿ.

ಮಳೆಗಾಲದಲ್ಲಿ ಹೊರಗೇ ತೇವ ಇರುತ್ತದೆ, ಹೊದಿಕೆ ಹೆಚ್ಚು ಹೊತ್ತು ಎತ್ತಿಯೇ ಇರಲಿ. ಬೀದರಿನವರಿಗೆ ಮಾತ್ರ ಡಿಸೆಂಬರ್-ಜನವರಿಯ ರಾತ್ರಿ ಹೊದಿಕೆ ನಿಜವಾಗಿ ಬೆಚ್ಚಗಿಡಲು ಬೇಕಾಗುತ್ತದೆ. ಅಲ್ಲಿ ಚಳಿ ಹೆಚ್ಚು, ಸಂಜೆ ಇಳಿಸಿ ಬೆಳಗ್ಗೆ ಎತ್ತಿ. ಯಾದಗಿರಿಯವರು ಕಲಬುರಗಿಯ ಲೆಕ್ಕವನ್ನೇ ಹಿಡಿಯಬಹುದು.

ಹುಳ, ನುಸಿ

ಮನೆಯೊಳಗೆ ಹುಳ ಬರುವುದಿಲ್ಲ ಅಂದುಕೊಳ್ಳಬೇಡಿ. ಒಳಗೆ ಅವನ್ನು ತಿನ್ನುವ ಹಕ್ಕಿ ಇಲ್ಲ, ಜೇಡವೂ ಕಡಿಮೆ. ಮಿಶ್ರಣದ ಮೇಲೆ ಸಣ್ಣ ಕಪ್ಪು ನೊಣ ಹಾರಿದರೆ ನೀರು ಜಾಸ್ತಿ ಆಗಿದೆ. ಮೇಲ್ಪದರ ಒಣಗಲು ಬಿಡಿ, ಹಳದಿ ಅಂಟು ಹಾಳೆ ನೇತುಹಾಕಿ. ಬೇಸಿಗೆಯ ಶತ್ರು ಬೇರೆ, ನುಸಿ. ಎಲೆ ಮೇಲೆ ಸೂಜಿಮೊನೆಯಂಥ ಹಳದಿ ಚುಕ್ಕೆ ಕಂಡರೆ ಎಲೆ ತಿರುಗಿಸಿ, ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ. ಕಾಗದದ ಮೇಲೆ ಬಿದ್ದ ಧೂಳಿನ ಕಣ ನಡೆಯಲು ಶುರುಮಾಡಿದರೆ ಅದೇ ನುಸಿ. ಒಣ ಗಾಳಿಯಲ್ಲಿ ಬಹಳ ಬೇಗ ಹೆಚ್ಚುತ್ತದೆ. ಎಲೆಯ ಹಿಂಬದಿಗೆ ನೀರು ಜೋರಾಗಿ ಹೊಡೆದು ತೊಳೆಯಿರಿ, ಆಮೇಲೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ. ಲೈಟು ಆರಿದ್ದಾಗ ಮಾತ್ರ (ಟೈಮರ್ ಸಂಜೆ ಹತ್ತುವಂತಿದ್ದರೆ ಆ ಹೊತ್ತು ಆರಿಸಿಡಿ), ಇಲ್ಲದಿದ್ದರೆ ಎಲೆ ಸುಡುತ್ತದೆ. ಪರಿಹಾರ ಸಿಗದ ರೋಗ ಕಂಡರೆ ಒಂದು ಎಲೆ ಚೀಲದಲ್ಲಿ ಹಾಕಿಕೊಂಡು ಆಳಂದ ರಸ್ತೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳಿ. ಬೀದರಿನಲ್ಲಿ ತೋಟಗಾರಿಕೆ ಕಾಲೇಜೇ ಇದೆ.

ಮಾರ್ಚ್‌ನಿಂದ ಮೇವರೆಗೆ

ಈ ಮೂರು ತಿಂಗಳು ಆಸೆ ಕಡಿಮೆ ಇಟ್ಟುಕೊಳ್ಳಿ. ಕೊತ್ತಂಬರಿ, ಪಾಲಕ್ ಬಿಡಿ. ರಾಜಗಿರಿ, ಪುಂಡಿ ತಾಳುತ್ತವೆ. ರ್ಯಾಕನ್ನು ಮನೆಯ ಅತಿ ತಂಪು ಕೋಣೆಗೆ ಸರಿಸಿ, ಕೂಲರ್ ಓಡುವ ಕೋಣೆಯಾದರೆ ಬಹಳ ಒಳ್ಳೆಯದು. ಒಣ ಹವೆಯಲ್ಲಿ ಕೂಲರ್ ತಂಪನ್ನೂ ಕೊಡುತ್ತದೆ, ತೇವವನ್ನೂ ಕೊಡುತ್ತದೆ. ಅದರ ಗಾಳಿ ನೇರ ಬೀಳದ ಮೂಲೆಯಲ್ಲಿ ಹೊದಿಕೆ ಎತ್ತಿ ಇಡಿ.

ಉಳಿದ ಅಂತಸ್ತಿನಲ್ಲಿ ಎಳೆ ಸಸಿಗಳನ್ನೇ ತಿನ್ನುವ ಮೈಕ್ರೋಗ್ರೀನ್ಸ್ ಬೆಳೆಯಿರಿ. ಸಾಸಿವೆ, ಮೂಲಂಗಿ, ಹೆಸರು ಏಳರಿಂದ ಹತ್ತು ದಿನಕ್ಕೆ ಕೊಯ್ಲಿಗೆ ಬರುತ್ತವೆ, ಬಿಸಿ ಏರಿ ಕೆಡುವಷ್ಟು ಸಮಯವೇ ಇರುವುದಿಲ್ಲ. ಎರಡು ಬೆರಳು ಮಿಶ್ರಣ ಸಾಕು. ಇದಕ್ಕೆ ಬೀಜದ ಅಂಗಡಿಯ ಗುಲಾಬಿ, ಹಸಿರು ಬಣ್ಣ ಹಚ್ಚಿದ ಬೀಜ ಯಾವ ಕಾರಣಕ್ಕೂ ಬಳಸಬೇಡಿ. ಆ ಬಣ್ಣ ಥೈರಮ್‌ನಂಥ ಶಿಲೀಂಧ್ರನಾಶಕ ಲೇಪಿಸಿದ್ದರ ಗುರುತು, ಹತ್ತು ದಿನದ ಸಸಿ ತಿನ್ನುವುದೆಂದರೆ ಆ ವಿಷವನ್ನೇ ತಿಂದಂತೆ. ಕಿರಾಣಿ ಅಂಗಡಿಯ, ಅಡುಗೆಗೆಂದೇ ಮಾರುವ ಕಾಳು ತನ್ನಿ.

ರಜೆಯಲ್ಲಿ ಊರಿಗೆ ಹೋಗುವವರು ಬತ್ತಿಯ ಏರ್ಪಾಟು ಮಾಡಿ. ಹಳೆ ಹತ್ತಿ ಸೀರೆಯ ಅಂಚನ್ನು ಬೆರಳಗಲ ಪಟ್ಟಿಯಾಗಿ ಹರಿದು, ಒಂದು ತುದಿ ಟ್ರೇಯ ಮಿಶ್ರಣದೊಳಗೆ ಹೂತು, ಇನ್ನೊಂದನ್ನು ಮುಚ್ಚಳವಿರುವ ನೀರಿನ ಡಬ್ಬಿಗೆ ಮುಚ್ಚಳದ ತೂತಿನಿಂದ ಇಳಿಬಿಡಿ. ಡಬ್ಬಿಯ ನೀರು ಟ್ರೇಯ ಮಟ್ಟಕ್ಕಿಂತ ಕೆಳಗಿರಲಿ, ಇಲ್ಲದಿದ್ದರೆ ಸುಮ್ನೆ ಹರಿದು ಖಾಲಿಯಾಗುತ್ತದೆ. ಹೊರಡುವ ಹಿಂದಿನ ದಿನವೇ ಕಟ್ಟಿ ನೋಡಿ, ಬಟ್ಟೆ ಪೂರ್ತಿ ಒದ್ದೆಯಾಗಿ ಮಿಶ್ರಣದವರೆಗೆ ನೀರು ಏರಿದ್ದರೆ ನಾಲ್ಕೈದು ದಿನಕ್ಕೆ ಚಿಂತೆಯಿಲ್ಲ.